ಹದಿನೇಳನೆಯ ಕಟ್ಟಳೆ

ಬೆಳ್ಳಿಮರಡಿಯ ಹುಲ್ಲಪ್ಪ ಕಟ್ಟೀಮನಿ ತನ್ನ ಮೇಲೆ ತಾನೇ ಖಟ್ಲೆ ತಂದುಕೊಂಡದ್ದು ಹೇಗೆ ಎಂದು ಕೇಳಿದರೆ, ಕೆರೂರು ಬಸ್ಸಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಕೆಲವರು ಅವನ ಮೊಮ್ಮಗಳನ್ನು ದೂರುತ್ತಾರೆ, ಕೆಲವರು ಹೈಸ್ಕೂಲಿನ ಮಾಸ್ತರರನ್ನು. ನನ್ನನ್ನು ಕೇಳಿದರೆ ತಪ್ಪು ಪೂರ್ತಿ ಹುಲ್ಲಪ್ಪನ ಬಾಯಿಯದು. ಯಾರಾದರೂ ಚಹಾ ಕೊಟ್ಟು, ಎದುರಿಗೆ ಕುಳಿತು, "ಮುಂದ?" ಎಂದರೆ ಸಾಕು, ಆ ಬಾಯಿಗೆ ಕದವೂ ಇಲ್ಲ, ಚಿಲಕವೂ ಇಲ್ಲ.

ಮೊಮ್ಮಗಳು ವಿದ್ಯಾ ಹಾಗೆಯೇ ಮಾಡಿದಳು. ಅವಳು ಬಾಗಲಕೋಟೆಯಲ್ಲಿ ಕಾನೂನು ಓದುತ್ತಾಳೆ, ಮೂರನೆಯ ವರ್ಷ. ಅವಳ ಕಾಲೇಜು, ಊರಿನ ಹೈಸ್ಕೂಲು, ಊರ ಹಾಲುಮತದ ಹಿರಿಯರು ಮೂರೂ ಕೂಡಿ ಒಂದು ಕೆಲಸ ಹಿಡಿದಿದ್ದರು. ಕುರುಬರ ಹಳೆಯ ಕಟ್ಟಳೆಗಳನ್ನು ಬಲ್ಲವರ ಬಾಯಿಂದ ಕೇಳಿ ಬರೆಯುವುದು, ಶಾಲೆಯಲ್ಲಿ ಮಕ್ಕಳಿಗೆ ಕಲಿಸುವುದು, ಆಮೇಲೆ ಬೀರಪ್ಪನ ಗುಡಿಯ ಮುಂದಿನ ಕಟ್ಟೆಯ ಮೇಲೆ ಸಣ್ಣಪುಟ್ಟ ಜಗಳಗಳನ್ನು ಅವೇ ಕಟ್ಟಳೆಗಳ ಪ್ರಕಾರ ತೀರಿಸಿ ನೋಡುವುದು. ಬಲ್ಲವರು ಎಂದರೆ ಹುಲ್ಲಪ್ಪನೇ. ಕಟ್ಟೀಮನಿ ಎಂದರೆ ತಲೆತಲಾಂತರದಿಂದ ಆ ಕಟ್ಟೆಯ ಮೇಲೆ ಕುಳಿತು ನ್ಯಾಯ ಹೇಳಿದ ಮನೆತನ. ಆದರೆ ಇಪ್ಪತ್ತು ವರ್ಷದಿಂದ ಊರವರು ಜಗಳವಾದರೆ ಠಾಣೆಗೋ ಕೋರ್ಟಿಗೋ ಹೋಗುತ್ತಿದ್ದರು. ಹುಲ್ಲಪ್ಪ ದಿನಾ ಬೆಳಿಗ್ಗೆ ಕಟ್ಟೆಗೆ ಹೋಗಿ ಒಬ್ಬನೇ ಕುಳಿತು, ಬಿಸಿಲು ಏರಿದ ಮೇಲೆ ಒಬ್ಬನೇ ಎದ್ದು ಬರುತ್ತಿದ್ದ.

ಅಂಥವನ ಮುಂದೆ ಮೊಮ್ಮಗಳು ಮೊಬೈಲ್ ಇಟ್ಟು ರೆಕಾರ್ಡ್ ಒತ್ತಿದರೆ ಕೇಳಬೇಕೇ? ರುಮಾಲು ಸರಿಮಾಡಿಕೊಂಡು ನಾಲ್ಕು ದಿನ ಮಾತಾಡಿದ.

"ನಾಕನೇ ಕಟ್ಟಳಿ, ಬರಕೋ. ದೂರದಿಂದ ದಣದ ಬಂದಾವಂಗ ಮೊದಲನೇ ರೊಟ್ಟಿ. ಅಂವ ಯಾರರ ಇರ್ಲಿ."

"ಒಂಬತ್ತು?"

"ಕಟ್ಟಿ ಮಾತ ಮೀರಿದಾವನ್ನ ಊರ ಹೊರಗ ಹಾಕೂದು. ಯಾರೂ ನೀರ ಕೊಡೂಹಂಗಿಲ್ಲ, ಬೆಂಕಿ ಕೊಡೂಹಂಗಿಲ್ಲ."

"ಅದು ನಡ್ಯಾಂಗಿಲ್ಲ ಮುತ್ತ್ಯಾ. ಸಂವಿಧಾನಕ್ಕ ವಿರುದ್ಧ ಆಕ್ಕೈತಿ. ತಗದ ಬಿಡ್ತೇನಿ."

"ಅದ ಎಲ್ಲಾದ್ರಕಿಂತ ಚಲೋ ಇತ್ತಲ್ಲವಾ" ಎಂದು ಹುಲ್ಲಪ್ಪ ಒಂದು ಕಪ್ ಚಹಾ ಮುಗಿಯುವವರೆಗೆ ನೊಂದುಕೊಂಡ. ಆಮೇಲೆ ಮತ್ತೆ ಹುರುಪು ಬಂತು.

"ಹದಿನೇಳು. ಹೆಣ್ಣಮಗಳು ತವರಮನಿಯಿಂದ ಬಳುವಳಿ ತಂದ ಕುರಿ ಆಕೀವು. ಆ ಕುರಿ ಈದ ಮರಿ ಆಕೀವು. ಮರಿ ಈದ ಮರೀನೂ ಆಕೀವು. ಆಕಿ ಹೂಂ ಅನ್ನೂತನಕ ಗಂಡ ಆಗ್ಲಿ ಮಗ ಆಗ್ಲಿ ಒಂದ ಹಿಡಿ ಉಣ್ಣೆ ಸೈತ ಮಾರೂಹಂಗಿಲ್ಲ."

"ಎಷ್ಟ ಚಂದ ಐತಿ ಮುತ್ತ್ಯಾ! ಆಗಿನ ಕಾಲದಾಗ!"

"ನಮ್ಮ ಹಿರ್ಯಾರಂದ್ರ ಏನ ತಿಳದೀದಿ ನೀ?" ಎಂದು ಹುಲ್ಲಪ್ಪ ಮೀಸೆ ತೀಡಿಕೊಂಡ.

ಆ ಹೊತ್ತಿಗೆ ಅವನ ಹೆಂಡತಿ ರಂಗವ್ವ ಮನೆಯಲ್ಲಿರಲಿಲ್ಲ. ಐವತ್ತೆರಡು ಕುರಿಗಳ ಹಿಂದೆ ಕೋಲು ಹಿಡಿದು ಊರ ಪಕ್ಕದ ಮರಡಿಗುಡ್ಡದ ಮೇಲೆ ಇದ್ದಳು.

ಆ ವಾರವೇ ಇನ್ನೊಂದು ಮಾತು ನಡೆದಿತ್ತು. ಹುಲ್ಲಪ್ಪನ ಮಗ, ವಿದ್ಯಾಳ ಅಪ್ಪ ಬೀರೇಶ ಕೆರೂರಿನಿಂದ ಬಾಗಲಕೋಟೆಗೆ ಉಳ್ಳಾಗಡ್ಡಿ ಹೊರುವ ಗೂಡ್ಸ್ ಗಾಡಿ ಓಡಿಸುತ್ತಾನೆ. ಗಾಡಿ ಬೇರೆಯವರದು. ತನ್ನದೇ ಒಂದು ಗಾಡಿ ಆಗಬೇಕೆಂದು ಅವನಿಗೆ ಐದು ವರ್ಷದ ಹಂಬಲ. ಹುಲ್ಲಪ್ಪನಿಗೆ ಮೊಣಕಾಲು ನೋವು, ಮರಡಿ ಹತ್ತಲಾಗುವುದಿಲ್ಲ. ಅಪ್ಪ ಮಗ ಇಬ್ಬರೂ ಕೆರೂರಿನ ಚಹಾದಂಗಡಿಯಲ್ಲಿ ಕುಳಿತು, ಹಿಂಡನ್ನೆಲ್ಲ ಕುರಿ ವ್ಯಾಪಾರಿ ಮುರ್ತುಜಸಾಬನಿಗೆ ಮಾರುವುದೆಂದು ಮಾತು ಮುಗಿಸಿ ಬಂದರು. ಮುರ್ತುಜಸಾಬನ ಅಪ್ಪನ ಕಾಲದಿಂದ ಈ ಮನೆಗೆ ಬಳಕೆ. ಹಿಂಡು ನೋಡಲು ಬಂದವನು ಮರಿಗಳಿಗೆ ಸೊಪ್ಪು ಹಾಕುತ್ತಿದ್ದ ರಂಗವ್ವನನ್ನು ಕಂಡು ನಗುತ್ತ, "ರಂಗವ್ವಕ್ಕಾ, ಇನ್ನ ನಿಂಗ ಆರಾಮ ನೋಡು. ಮರಡಿ ತಿರಗೂದ ತಪ್ಪತು" ಎಂದ.

ರಂಗವ್ವನಿಗೆ ವಿಷಯ ತಿಳಿದದ್ದು ಹೀಗೆ.

ಊಟಕ್ಕೆ ಎಲ್ಲರೂ ಕುಳಿತಾಗ ಅವಳು ಪುಂಡಿಪಲ್ಲೆಯ ಬುಟ್ಟಲು ಕೆಳಗಿಟ್ಟು ಕೇಳಿದಳು. "ಕುರಿ ಮಾರ್ತೀರಂತ?"

ಬೀರೇಶ ತಲೆ ಎತ್ತಲಿಲ್ಲ. "ಯವ್ವಾ, ಅಪ್ಪನ ಮೊಣಕಾಲ ಹೋಗೇತಿ. ನಿನಗ ಅರವತ್ತೆರಡ ಆತು. ಯಾರ ಕಾಯವ್ರು?"

"ಕಾಯವ್ರ ಮಾತ ಆಮ್ಯಾಲ. ನನ್ನ ಒಂದ ಮಾತ ಕೇಳಿದ್ರೇನು?"

"ಕೇಳೂದೇನೈತಿ?" ಎಂದ ಹುಲ್ಲಪ್ಪ. "ಮನೀ ಕುರಿ ಅವು. ಮನೀ ಹಿರ್ಯಾ ನಾ ಅದೇನಿ."

ಸೊಸೆ ದಾನಮ್ಮ ಆಗಿನ್ನೂ ಗಾಡಿಯ ಪಕ್ಷದವಳು. "ಅತ್ತಿ, ಗಾಡಿ ಬಂದ್ರ ನಿಮ್ಮನ್ನ ಶಿವಯೋಗ ಮಂದಿರಕ್ಕ ಮುಂದಿನ ಸೀಟಿನ್ಯಾಗ ಕುಂದ್ರಿಸಿ ಕರಕೊಂಡ ಹೋಗ್ತಾರ."

"ಹಿಂದ ಉಳ್ಳಾಗಡ್ಡಿ ಜೋಡಿ?" ಎಂದು ರಂಗವ್ವ ಎದ್ದು ಹೋದಳು.

ಅವಳಿಗೆ ಸಿಟ್ಟಿಗಿಂತ ದುಃಖ ಹೆಚ್ಚಾಗಿತ್ತು. ನಲವತ್ನಾಲ್ಕು ವರ್ಷದ ಹಿಂದೆ ಮಲಪ್ರಭೆಯ ದಂಡೆಯ ತವರಿನಿಂದ ಒಂಬತ್ತು ಕುರಿ ಹೊಡೆದುಕೊಂಡು ಈ ಮನೆಗೆ ಬಂದಿದ್ದಳು. ಒಂದು ವರ್ಷ ಕುರಿಗಳಿಗೆ ಜಡ್ಡು ಬಂದು ಹುಲ್ಲಪ್ಪನ ಕಡೆಯ ಅರವತ್ತೂ ಕಣ್ಣೆದುರೇ ಸತ್ತವು. ಆಗ ರಂಗವ್ವ ತನ್ನ ಕುರಿಗಳನ್ನು ಬೇರ್ಪಡಿಸಿ, ಎರಡು ವರ್ಷದ ಬೀರೇಶನನ್ನು ಬೆನ್ನಿಗೆ ಕಟ್ಟಿಕೊಂಡು, ನಡೆದು ತವರಿಗೆ ಹೋಗಿ ಮೂರು ತಿಂಗಳು ಕಾದು ಉಳಿಸಿ ತಂದಳು. ಈಗ ಹಟ್ಟಿಯಲ್ಲಿ ಬ್ಯಾ ಎನ್ನುವವೆಲ್ಲ ಹೆಚ್ಚುಕಡಿಮೆ ಅವುಗಳ ಸಂತಾನವೇ. ಅವನ್ನು ಚಹಾದಂಗಡಿಯಲ್ಲಿ ಕುಳಿತು ಮಾರಿ ಬಂದರಲ್ಲ ಎಂದು ಅವಳು ಹಟ್ಟಿಯ ಬದಿಗೆ ನಿಂತು ಒಬ್ಬಳೇ ಅತ್ತಳು. ಹಿಂಡು ಹೋಗಲು ಇನ್ನು ಒಂದು ತಿಂಗಳಿತ್ತು.

ಅತ್ತ ಹೈಸ್ಕೂಲಿನ ಶಿವಪ್ರಕಾಶ ಮಾಸ್ತರರು ಸುಮ್ಮನೆ ಕೂರುವ ಆಸಾಮಿಯಲ್ಲ. ಒಂಬತ್ತನೆಯದನ್ನು ಬಿಟ್ಟು ಉಳಿದ ಮೂವತ್ತು ಕಟ್ಟಳೆಗಳನ್ನು ಶಾಲೆಯ ಪಡಸಾಲೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿ, ಕೆಳಗೆ ಹುಲ್ಲಪ್ಪನ ಹೆಸರು ಹಾಕಿಸಿದರು. ಮಕ್ಕಳು ಚಪ್ಪಾಳೆ ಹೊಡೆಯುತ್ತ ಅವನ್ನು ಬಾಯಿಪಾಠ ಮಾಡಿದರು. ಎರಡು ವಾರದಲ್ಲಿ ಓಣಿ ಓಣಿಯಲ್ಲೂ ಕಟ್ಟಳೆಯೇ ಕಟ್ಟಳೆ. ಬಾವಿಯ ಹತ್ತಿರ ಉಗುಳಿದ ಮಾಳಿಂಗರಾಯನನ್ನು ಎಂಟನೆಯ ಇಯತ್ತೆಯ ಹುಡುಗಿಯರು ತಡೆದು, ಹನ್ನೆರಡನೆಯ ಕಟ್ಟಳೆಯ ಪ್ರಕಾರ ಎರಡು ಕೊಡ ನೀರು ಸೇದಿಸಿದರು. ಈ ಮಾಳಿಂಗರಾಯ ವಯಸ್ಸಿನಲ್ಲಿ ಹುಲ್ಲಪ್ಪನ ನಂತರದವನು. ಕಟ್ಟೆಯ ಮೇಲಿನ ನ್ಯಾಯದ ಕಲ್ಲಿನ ಮೇಲೆ ತಾನೂ ಒಮ್ಮೆ ಕೂರಬೇಕೆಂದು ಮೂವತ್ತು ವರ್ಷದಿಂದ ಆಸೆಪಟ್ಟು, ಆಸೆ ಹೊರಗೆ ಕಾಣದಂತೆ ಸದಾ ಉಗುಳುತ್ತ ತಿರುಗುತ್ತಿದ್ದ.

ಕಟ್ಟೀಮನಿಯವರ ಮನೆಯೊಳಗೂ ಕಟ್ಟಳೆ ನುಗ್ಗಿತು. ಒಂದು ಸಂಜೆ ಬೀರೇಶ ಕೈ ತೊಳೆದು ಕೂರುತ್ತಲೇ, "ನಾ ಬಾಗಲಕೋಟಿಯಿಂದ ಬಂದೇನಿ. ನಾಕನೇ ಕಟ್ಟಳಿ. ಮೊದಲನೇ ರೊಟ್ಟಿ ನಂದು" ಎಂದ.

ದಾನಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ದಣದ ಬಂದಾವಂಗ ಅಂತ ಐತಿ ಕಟ್ಟಳ್ಯಾಗ. ನೀವು ಕುಂತ ಬಂದೀರಿ. ನಾ ಮುಂಜಾನಿಂದ ಗೋವಿನಜೋಳದ ತೆನಿ ಮುರದ ಬಂದೇನಿ." ಮೊದಲನೆಯ ರೊಟ್ಟಿಯನ್ನು ತನ್ನ ತಾಟಿಗೇ ಹಾಕಿಕೊಂಡಳು.

ಬೀರೇಶನಿಗೆ ಮುಖಭಂಗವಾಯಿತು. ಒಂದು ತುತ್ತು ತಿಂದು, "ಪಲ್ಲೆಕ್ಕ ಉಪ್ಪ ಹೆಚ್ಚಾಗೇತಿ" ಎಂದುಬಿಟ್ಟ.

"ಹನ್ನೊಂದು" ಎಂದಳು ದಾನಮ್ಮ.

ಹನ್ನೊಂದನೆಯ ಕಟ್ಟಳೆ ಎಂದರೆ, ಉಣ್ಣುವ ಅನ್ನಕ್ಕೆ ಹೆಸರಿಟ್ಟವನು ಮರುದಿನ ಒಲೆ ಹಚ್ಚಬೇಕು. ಮರುದಿನ ಬೆಳಿಗ್ಗೆ ಬೀರೇಶ ರೊಟ್ಟಿ ಬಡಿದ. ಹಿಟ್ಟು ಅರ್ಧ ಅವನ ಮೊಣಕೈಗೆ, ಕಾಲುಭಾಗ ಗೋಡೆಗೆ. ಉಳಿದದ್ದರಲ್ಲಿ ಆದ ಐದು ರೊಟ್ಟಿಗಳಲ್ಲಿ ಒಂದನ್ನು ಹೊರಗಿನ ನಾಯಿಗೆ ಹಾಕಿದರೆ ಅದು ಮೂಸಿ ನೋಡಿ ಪಕ್ಕದ ಮನೆಗೆ ಹೋಯಿತು. ಹುಲ್ಲಪ್ಪ ಮಾತ್ರ ಆ ರೊಟ್ಟಿಯನ್ನು ದವಡೆ ನೋಯಿಸಿಕೊಂಡು ಅಗಿಯುತ್ತ ಬಹಳ ಖುಷಿಪಟ್ಟ.

"ಕಟ್ಟಳಿ ಅಂದ್ರ ಕಟ್ಟಳಿ. ದೊಡ್ಡಾವ ಇಲ್ಲ, ಸಣ್ಣಾವ ಇಲ್ಲ" ಎಂದ. ಇದೂ ಆಮೇಲೆ ಅವನ ವಿರುದ್ಧವೇ ಉಪಯೋಗಕ್ಕೆ ಬಂತು.

ಮೂರನೆಯ ವಾರ ಒಂದು ಮಧ್ಯಾಹ್ನ ರಂಗವ್ವ ಹಟ್ಟಿಯಲ್ಲಿ ಮರಿಯೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದರ ಎಡಗಿವಿಯ ತುದಿಯನ್ನು ಕತ್ತರಿಯಿಂದ ಸೀಳುತ್ತಿದ್ದಳು. ಕುರಿ ಯಾರ ಮನೆಯದೆಂದು ತಿಳಿಯುವುದು ಕಿವಿಯ ಗುರುತಿನಿಂದ. ಎಡಗಿವಿಯ ತುದಿ ಸೀಳುವುದು ಅವಳ ತವರಿನ ಗುರುತು. ಬಲಗಿವಿಯ ಅಡಿಗೆ ಕಚ್ಚು ಹಾಕುವುದು ಹುಲ್ಲಪ್ಪನ ಮನೆಯದು. ಮರಿಗಳಿಗೆ ಗುರುತು ಹಾಕುವ ಕೆಲಸ ಮೊದಲಿನಿಂದ ಅವಳದೇ. ತನ್ನ ಕುರಿ ಈದ ಮರಿಗೆ ತನ್ನ ಗುರುತು ಹಾಕುತ್ತ ಬಂದಿದ್ದಳು. ಹುಲ್ಲಪ್ಪ ಅದನ್ನು ನಲವತ್ನಾಲ್ಕು ವರ್ಷದಿಂದ ನೋಡುತ್ತಿದ್ದರೂ, ಹೆಂಗಸಿಗೆ ತವರಿನ ಹುಚ್ಚು ಎಂದು ಬಿಟ್ಟುಬಿಟ್ಟಿದ್ದ.

ಶಾಲೆ ಬಿಟ್ಟ ಹುಡುಗಿಯರು ಚಪ್ಪಾಳೆ ಹೊಡೆಯುತ್ತ ಓಣಿಯಲ್ಲಿ ಹೊರಟಿದ್ದರು. "ಬಳುವಳಿ ತಂದ ಕುರಿ ಅವಳದು, ಆ ಕುರಿ ಈದ ಮರಿ ಅವಳದು..."

ರಂಗವ್ವನ ಕೈಯ ಕತ್ತರಿ ನಿಂತಿತು. ಹುಡುಗಿಯರನ್ನು ಕರೆದು, ಶೇಂಗಾ ಬೆಲ್ಲ ಕೊಟ್ಟು, ಮೂರು ಸಲ ಹೇಳಿಸಿದಳು.

"ಮರಿ ಈದ ಮರೀನೂ?"

"ಹೌದ ಆಯಿ, ಮರಿ ಈದ ಮರೀನೂ."

"ಯಾರ ಹೇಳ್ಯಾರ ಇದನ್ನ?"

"ನಿಮ್ಮ ಮನಿ ಮುತ್ತ್ಯಾನ! ಗ್ವಾಡಿ ಮ್ಯಾಲ ಹೆಸರ ಐತಿ."

ಮದುವೆಯ ದಿನ ಅವಳ ಅವ್ವ, "ಇವು ನಿನ್ನವು ಮಗಳ" ಎಂದಿದ್ದಳು. ಬೀಳ್ಕೊಡುವ ತಾಯಿ ಏನೇನೋ ಹೇಳುತ್ತಾಳೆ ಎಂದುಕೊಂಡಿದ್ದಳು ರಂಗವ್ವ. ಅದು ಕಟ್ಟಳೆ ಎಂದು ಅವಳಿಗೆ ಇವತ್ತು ತಿಳಿಯಿತು.

ಸಂಜೆ ಎಲ್ಲರಿಗೂ ಬಡಿಸಿ, ಯಾವತ್ತೂ ಹಾಕದಷ್ಟು ಬೆಣ್ಣೆಯನ್ನು ಗಂಡನ ರೊಟ್ಟಿಗೆ ಹಾಕಿ ಹೇಳಿದಳು. "ಮುರ್ತುಜಸಾಬಗ ಹೇಳಿ ಕಳಸ್ರಿ. ಕುರಿ ಕೊಡೂದಿಲ್ಲ ಅಂತ."

"ಯಾರ ಕೊಡೂದಿಲ್ಲ?"

"ಕುರಿ ಯಾರವೋ ಅವರು. ಹದಿನೇಳನೇ ಕಟ್ಟಳಿ."

ಹುಲ್ಲಪ್ಪನ ಬಾಯಿಗೆ ಹೊರಟಿದ್ದ ತುತ್ತು ಅರ್ಧದಾರಿಯಲ್ಲಿ ನಿಂತಿತು. "ಅದು... ಅದು ಮಂದೀ ಸಲುವಾಗಿ ಹೇಳಿದ್ದ ಇಕಿನ!"

"ನಾ ಮಂದಿ ಅಲ್ಲೇನು?"

ದಾನಮ್ಮ ನಗು ತಡೆಯಲಾರದೆ ನೀರು ತರುವ ನೆವದಲ್ಲಿ ಒಳಗೆ ಹೋದಳು. ಬೀರೇಶ, "ಯವ್ವಾ, ಅದು ಸಾಲಿ ಹುಡುಗೂರ ಆಟ" ಎಂದ. "ಹಂಗಾದ್ರ ನೀ ಯಾಕ ರೊಟ್ಟಿ ಬಡದಿ?" ಎಂದಳು ರಂಗವ್ವ.

ರವಿವಾರ ವಿದ್ಯಾ ಊರಿಗೆ ಬಂದಾಗ ಹುಲ್ಲಪ್ಪ ಅವಳನ್ನು ಬಣವೆಯ ಹಿಂದೆ ಕರೆದುಕೊಂಡು ಹೋದ. "ನೋಡವಾ, ಆ ಹದಿನೇಳನೇದು ತಗದ ಬಿಡು. ಒಂಬತ್ತನೇದು ತಗದೀಯಲ್ಲ, ಹಂಗ."

"ಒಂಬತ್ತನೇದು ಸಂವಿಧಾನಕ್ಕ ವಿರುದ್ಧ ಇತ್ತು ಮುತ್ತ್ಯಾ. ಹದಿನೇಳನೇದು ಬರೇ ನಿನಗ ವಿರುದ್ಧ ಐತಿ."

ಬೀರೇಶ ಮಗಳ ಮೇಲೆ ರೇಗಾಡಿದ. "ನಿನ್ನ ಓದಸಾಕ ನಾ ರಾತ್ರಿ ಹಗಲ ಗಾಡಿ ಹೊಡದೆ. ನೀ ನನ್ನ ಗಾಡೀಗೇ ಅಡ್ಡ ಮಲಗಿದಿ."

"ಅಪ್ಪಾ, ನಾ ಏನೂ ಮಾಡಿಲ್ಲ. ಬರಕೊಂಡೇನಿ ಅಷ್ಟ" ಎಂದಳು ವಿದ್ಯಾ. ಅವಳಿಗೂ ಸಂಕಟವೇ. ಅಪ್ಪ ಇನ್ನೊಬ್ಬರ ಗಾಡಿಯ ಕೀಲಿಯನ್ನು ದಿನಾ ಸಂಜೆ ತಿರುಗಿ ಕೊಟ್ಟು ಬರುವಾಗಿನ ಮುಖ ಅವಳೂ ನೋಡಿದ್ದಳು.

ಕಟ್ಟೆಯ ಮೇಲೆ ದೂರು ಕೊಡುವವರು ತಮ್ಮ ಕಂಬಳಿಯನ್ನು ಅಲ್ಲಿ ಹಾಸಿ ಬರಬೇಕೆಂಬುದು ಎರಡನೆಯ ಕಟ್ಟಳೆ. ಮರುದಿನ ಬೆಳಿಗ್ಗೆ ಎಂದಿನಂತೆ ಗುಡಿಗೆ ಹೋದ ಹುಲ್ಲಪ್ಪ ದೂರದಿಂದಲೇ ಕಂಬಳಿ ಕಂಡು ಹಿರಿಹಿರಿ ಹಿಗ್ಗಿದ. ಇಪ್ಪತ್ತು ವರ್ಷದ ಮೇಲೆ ಯಾರೋ ನ್ಯಾಯ ಕೇಳಿ ಬಂದಿದ್ದಾರೆ! ಮೊಣಕಾಲ ನೋವು ಮರೆತು ದಾಪುಗಾಲು ಹಾಕಿದ. ಹತ್ತಿರ ಹೋಗಿ ನೋಡಿದರೆ ಕಂಬಳಿಯ ಮೂಲೆಯಲ್ಲಿ ಸುಟ್ಟ ತೂತು. ಆ ತೂತು ಬಿದ್ದದ್ದು ಅವನದೇ ಬೀಡಿಯಿಂದ.

ಮುಂದಿನ ರವಿವಾರಕ್ಕೆ ದಿನ ಗೊತ್ತಾಯಿತು. ಆ ಆರು ದಿನ ರಂಗವ್ವ ಗಂಡನಿಗೆ ಹೊತ್ತುಹೊತ್ತಿಗೆ ಬಿಸಿ ರೊಟ್ಟಿ ಹಾಕಿದಳು, ಮೊಣಕಾಲಿಗೆ ಎಣ್ಣೆ ತಿಕ್ಕಿದಳು, ಆದರೆ ಒಂದು ಮಾತೂ ಆಡಲಿಲ್ಲ. ಜಗಳವಾಡಿದ್ದರೆ ಹುಲ್ಲಪ್ಪ ತಡೆದುಕೊಳ್ಳುತ್ತಿದ್ದ. ಈ ಸೇವೆಗೆ ಅವನು ಸೊರಗಿಹೋದ.

ರವಿವಾರ ಗುಡಿಯ ಮುಂದೆ ಊರೇ ನೆರೆದಿತ್ತು. ವಿದ್ಯಾಳ ಕಾಲೇಜಿನ ಮೇಡಮ್ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದರು. ಶಿವಪ್ರಕಾಶ ಮಾಸ್ತರರು ಮಕ್ಕಳನ್ನು ಸಾಲಾಗಿ ಕೂರಿಸಿದ್ದರು. ಕಟ್ಟೀಮನಿಯವನ ಮೇಲೆಯೇ ದೂರು ಬಂದರೆ ಅವನು ರುಮಾಲು ತೆಗೆದು ನೆಲಕ್ಕೆ ಕೂರಬೇಕು, ವಯಸ್ಸಿನಲ್ಲಿ ಅವನ ನಂತರದವನು ಕಲ್ಲಿನ ಮೇಲೆ ಕೂರಬೇಕು, ಬೇರೆ ಕುಲದವರೊಬ್ಬರು ಸಾಕ್ಷಿ ನೋಡಬೇಕು. ಇದು ಇಪ್ಪತ್ತೆರಡನೆಯದು. ಹುಲ್ಲಪ್ಪ ರುಮಾಲು ಬಿಚ್ಚಿದಾಗ ಅವನ ಬೋಳುತಲೆಯನ್ನು ಊರು ಮೊದಲ ಸಲ ನೋಡಿತು. ಮಾಳಿಂಗರಾಯ ಹೊಸ ಧೋತರ ಉಟ್ಟು, ಬಾಯಿ ಮುಕ್ಕಳಿಸಿ ಬಂದು ಕಲ್ಲಿನ ಮೇಲೆ ಕುಳಿತಿದ್ದ. ಒಂದು ಸಲವೂ ಉಗುಳಲಿಲ್ಲ.

"ಏನವಾ ನಿನ್ನ ದೂರು?" ಎಂದು ಗತ್ತಿನಲ್ಲಿ ಕೇಳಿದ.

ರಂಗವ್ವ ಸೆರಗು ತಲೆಗೆ ಹೊದ್ದು ನಿಂತಳು. "ಒಂಬತ್ತ ಕುರಿ ತಂದಿದ್ದೆ. ಜಡ್ಡಿನಾಗ ಉಳಿಸಿದ್ದೆ. ನನ್ನ ಕೇಳದ ಮಾರ್ಯಾರ. ಮತ್ತೇನಿಲ್ಲ."

ಸಾಕ್ಷಿಗೆ ಮುರ್ತುಜಸಾಬನೇ ಬಂದ. ಸುತ್ತಲಿನ ಇಪ್ಪತ್ತು ಊರಿನ ಕಿವಿಗುರುತು ಅವನಷ್ಟು ಬಲ್ಲವರಿಲ್ಲ. ಹಿಂಡನ್ನು ಗುಡಿಯ ಮುಂದೆ ತಂದು ನಿಲ್ಲಿಸಿದ್ದರು. ಒಂದೊಂದೇ ಕುರಿಯ ಕಿವಿ ಹಿಡಿದು ಅವನು ಕೂಗುತ್ತ ಹೋದ. "ಎಡಗಿವಿ ಸೀಳು, ಅಕ್ಕಂದು. ಇದೂ ಅಕ್ಕಂದು. ಅಕ್ಕಂದು." ಕೊನೆಗೆ ಎದ್ದು ಕೈ ಜಾಡಿಸಿದ. "ನಲವತ್ತೇಳು ರಂಗವ್ವಕ್ಕಂದು. ಐದು ಹುಲ್ಲಪ್ಪಣ್ಣಂದು. ಐದರಾಗ ಒಂದು ಕುಂಟ ಟಗರು."

"ಲೇ ಸಾಬ, ತಗೊಳ್ಳಾಂವ ನೀನ ಅಲ್ಲೇನೋ? ನಿನ್ನ ವ್ಯಾಪಾರ ನೀನ ಕೆಡಿಸಿಕೊಳ್ಳಾಕತ್ತೀದಿ" ಎಂದ ಬೀರೇಶ.

"ಕಿವಿ ನೋಡದ ಕುರಿ ತಗೊಂಡ್ರ ನಮ್ಮಪ್ಪ ಗೋರಿಯಿಂದ ಎದ್ದ ಬಂದ ಬಡೀತಾನ" ಎಂದ ಮುರ್ತುಜಸಾಬ. ಜನ ನಕ್ಕರು.

ಹುಲ್ಲಪ್ಪ ನೆಲದಿಂದಲೇ ಕೈ ಎತ್ತಿದ. "ಹದಿನೇಳನೇದಕ್ಕ ಇನ್ನೊಂದ ಮಾತ ಐತಿ. ನಾ ಹೇಳೂದ ಮರತಿದ್ದೆ. ಇಪ್ಪತ್ತೈದ ವರ್ಷ ಗಂಡನ ಹಟ್ಟ್ಯಾಗ ಉಳದ್ರ ಕುರಿ ಗಂಡಂದು."

"ಇಲ್ಲಾ!" ಎಂದು ಮಕ್ಕಳೆಲ್ಲ ಒಂದೇ ಸಲ ಕೂಗಿದರು. ಒಬ್ಬ ಹುಡುಗಿ ಎದ್ದು ನಿಂತು, "ಮೂವತ್ತೊಂದನೇ ಕಟ್ಟಳೆ. ಕಂಬಳಿ ಹಾಸಿದ ಮೇಲೆ ಕಟ್ಟಳೆ ತಿದ್ದಬಾರದು" ಎಂದು ಒಪ್ಪಿಸಿದಳು.

"ಇದನ್ನ ಯಾವ ಸೂಳೇಮಗ ಹೇಳಿದ?" ಎಂದ ಹುಲ್ಲಪ್ಪ.

"ನೀನ!" ಎಂದಿತು ಇಡೀ ಊರು.

ಮಾಳಿಂಗರಾಯ ಗಂಟಲು ಸರಿಮಾಡಿಕೊಂಡ. "ಹುಲ್ಲಣ್ಣಾ, ಕಟ್ಟಳಿ ಕಟ್ಟೀಮನಿಯವ್ರ ಬಾಯಿಂದನ ಬರಬೇಕು. ಹದಿನೇಳನೇದು ನೀನ ಹೇಳು."

ಹುಲ್ಲಪ್ಪ ಮೊದಲು ನೆಲ ನೋಡಿದ, ಆಮೇಲೆ ಹಿಂಡಿನ ಕಡೆ ನೋಡಿದ. ಸೀಳಿದ ಎಡಗಿವಿಗಳು ಸಾಲಾಗಿ ಅಲ್ಲಾಡುತ್ತಿದ್ದವು. ತನ್ನ ಅರವತ್ತು ಕುರಿ ಸತ್ತ ವರ್ಷ ತಾನು ಮೂಲೆ ಹಿಡಿದು ಮಲಗಿದ್ದು, ಇವಳು ಮಗುವನ್ನು ಕಟ್ಟಿಕೊಂಡು ಹೊರಟದ್ದು ನೆನಪಾಗಿ ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಒಂದಕ್ಷರ ಬಿಡದೆ ಹೇಳಿದ. "ಬಳುವಳಿ ತಂದ ಕುರಿ ಆಕೀವು. ಆ ಕುರಿ ಈದ ಮರಿ ಆಕೀವು. ಮರಿ ಈದ ಮರೀನೂ ಆಕೀವು. ಆಕಿ ಹೂಂ ಅನ್ನೂತನಕ ಗಂಡ ಆಗ್ಲಿ ಮಗ ಆಗ್ಲಿ ಒಂದ ಹಿಡಿ ಉಣ್ಣೆ ಸೈತ ಮಾರೂಹಂಗಿಲ್ಲ."

ಆಗ ಹೆಂಗಸರ ನಡುವೆ ದಾನಮ್ಮ ಎದ್ದು ನಿಂತಳು. "ನಂದೂ ಒಂದ ಐತ್ರಿ. ನಮ್ಮಪ್ಪ ಎರಡ ಕುರಿ ಕೊಟ್ಟಿದ್ದ. ಮದವ್ಯಾಗಿ ಎರಡನೇ ವರ್ಷ ಇವ್ರು ಮೋಟರಸೈಕಲ್ ತಂದ್ರು. ಕುರಿ ಎಲ್ಲಿ ಹೋದ್ವು ಅಂತ ನಾ ಇನ್ನತನಕ ಕೇಳಿಲ್ಲ. ಈಗ ಕೇಳ್ತೇನಿ."

ಅವಳ ಹಿಂದೆ ಇನ್ನೊಬ್ಬಳು ಎದ್ದಳು. ಆಮೇಲೆ ನಾಲ್ಕು ಜನ. ಗಂಡಸರ ಕಡೆ ಒಮ್ಮೆಲೇ ಎಲ್ಲರಿಗೂ ತಮ್ಮ ತಮ್ಮ ಚಪ್ಪಲಿ ಎಲ್ಲಿವೆ ಎಂಬ ಚಿಂತೆ ಶುರುವಾಯಿತು. ಮೂರನೆಯ ಸಾಲಿನಲ್ಲಿ ತನ್ನ ಹೆಂಡತಿಯೂ ಸೆರಗು ಸಿಕ್ಕಿಸಿಕೊಳ್ಳುವುದನ್ನು ಕಂಡ ಮಾಳಿಂಗರಾಯ, "ಇವತ್ತ ಒಂದ ಖಟ್ಲೆ ಅಷ್ಟ! ಉಳದದ್ದು ಮುಂದಿನ ಅಮಾಸಿಗೆ!" ಎಂದು ಕೂಗಿ, ಗಡಬಡಿಸಿ ತೀರ್ಪು ಹೇಳಿದ. ನಲವತ್ತೇಳು ಕುರಿ ರಂಗವ್ವನವು. ಮಾರಬೇಕೆನ್ನುವವನು ಹದಿನೆಂಟನೆಯ ಕಟ್ಟಳೆಯ ಪ್ರಕಾರ ಹೊಸ್ತಿಲ ಹೊರಗೆ ನಿಂತು, ಅವಳ ಹೆಸರು ಹಿಡಿದು ಕರೆದು ಕೇಳಬೇಕು. ಉತ್ತರ ಹೇಳಲು ಅವಳಿಗೆ ಮೂರು ದಿನ.

ಹೆಸರು ಹಿಡಿದು! ಹುಲ್ಲಪ್ಪ ನಲವತ್ನಾಲ್ಕು ವರ್ಷದಲ್ಲಿ ಹೆಂಡತಿಯನ್ನು 'ಏ' ಎಂದಿದ್ದಾನೆ, 'ಇಕಿನ' ಎಂದಿದ್ದಾನೆ, ಕೆಮ್ಮಿ ಕರೆದಿದ್ದಾನೆ. ಹೆಸರು ಎಂದೂ ಬಾಯಿಗೆ ಬಂದದ್ದಿಲ್ಲ. ಊರೆಲ್ಲ ಅವನ ಹಿಂದೆ ಮನೆಯವರೆಗೆ ಬಂತು. ರಂಗವ್ವ ಒಳಗೆ ಹೋಗಿ ಹೊಸ್ತಿಲ ಹತ್ತಿರ ನಿಂತಳು.

"ಏ..." ಎಂದ ಹುಲ್ಲಪ್ಪ.

"ಹೆಸರು!" ಎಂದವು ಮಕ್ಕಳು.

"ರ..." ಬೆವರು ಒರೆಸಿಕೊಂಡ. "ರಂಗ..." ಎರಡು ಸಲ ಕೆಮ್ಮಿದ. ಕೊನೆಗೆ ಕಣ್ಣು ಮುಚ್ಚಿಕೊಂಡು, ತಣ್ಣೀರಿಗೆ ಧುಮುಕುವವನಂತೆ, "ರಂಗವ್ವಾ, ಕುರಿ ಮಾರ್ಲೇನು?" ಎಂದುಬಿಟ್ಟ.

"ಮೂರ ದಿನ ಬಿಟ್ಟ ಹೇಳ್ತೇನಿ" ಎಂದು ರಂಗವ್ವ ಬಾಗಿಲು ಮುಂದೆ ಮಾಡಿದಳು.

ಆ ಮೂರು ದಿನ ಮನೆಯಲ್ಲಿ ಎಲ್ಲರೂ ಅವಳ ಮುಖ ನೋಡಿಕೊಂಡು ಉಂಡರು. ಬೀರೇಶ ಅವ್ವನಿಗೆ ಬಾಗಲಕೋಟೆಯಿಂದ ಬಾಳೆಹಣ್ಣು ತಂದ. ದಾನಮ್ಮ ಮೂರೂ ದಿನ ಬೆಳಿಗ್ಗೆ ಅತ್ತೆಯ ಜೊತೆ ಮರಡಿಗೆ ಹೋದಳು. ಅಲ್ಲಿ ಅತ್ತೆ ಸೊಸೆ ಏನು ಮಾತಾಡಿದರೆಂದು ಯಾರಿಗೂ ತಿಳಿಯಲಿಲ್ಲ. ಬರುವಾಗ ದಾನಮ್ಮನ ಕೈಯಲ್ಲಿ ಕೋಲಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಹುಲ್ಲಪ್ಪ ಚಹಾ ಕುಡಿದು ಹೊರಗೆ ಬಂದು, ಯಾರೂ ಹೇಳದೆ ತಾನೇ ಹೊಸ್ತಿಲ ಆಚೆ ನಿಂತ. ಓಣಿಯಲ್ಲಿ ಯಾರೂ ಇರಲಿಲ್ಲ.

"ರಂಗವ್ವಾ" ಎಂದ. ಈ ಸಲ ಸಲೀಸಾಗಿ ಬಂತು. ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಗಿ ಇನ್ನೊಮ್ಮೆ ಕರೆದ. "ರಂಗವ್ವಾ, ಏನ ವಿಚಾರ ಮಾಡಿದಿ?"

ಒಳಗೆ ರಂಗವ್ವ ಹಂಚನ್ನು ಒಲೆಯಿಂದ ಕೆಳಗಿಟ್ಟಳು. ಅವ್ವ ಸತ್ತ ಮೇಲೆ ಈ ಹೆಸರನ್ನು ಇಷ್ಟು ಮೆಲ್ಲಗೆ ಯಾರೂ ಕರೆದಿರಲಿಲ್ಲ. ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದಳು.

"ಮಾರೂದಿಲ್ಲ" ಎಂದಳು. "ನಾನೂ ದಾನಮ್ಮನೂ ಕಾಯ್ತೇವಿ. ವರ್ಷದ ಮರ್ಯಾಗ ಆಕೀಗೆ ಪಾಲು. ನೀವು ಮನ್ಯಾಗ ಕುಂತ ಮೊಣಕಾಲ ನೋಡ್ಕೋರಿ."

"ಆತು" ಎಂದ ಹುಲ್ಲಪ್ಪ. ಕುರಿ ಹೋದ ಮೇಲೆ ಬೆಳಗಾದರೆ ಎಲ್ಲಿ ನೋಡಲಿ ಎಂಬ ಭಯ ಅವನಿಗೂ ಇತ್ತು, ಯಾರಿಗೂ ಹೇಳಿರಲಿಲ್ಲ. ಹೊಸ್ತಿಲ ಪಕ್ಕದ ಜಗಲಿಯ ಮೇಲೆ ಕುಳಿತು ಬೀಡಿ ಹಚ್ಚಿದ.

ಬಾಗಿಲ ಸಂದಿಯಿಂದ ಎಲ್ಲ ಕೇಳಿಸಿಕೊಂಡ ಬೀರೇಶ ಹೊರಗೆ ಬಂದ. ಮುಖ ಬಾಡಿತ್ತು. "ಯವ್ವಾ, ಹಂಗಾದ್ರ ನನ್ನ ಗಾಡಿ?"

"ಎಲ್ಲಾ ಮಾರೂದಿಲ್ಲ ಅಂದೇನಿ. ಗಾಡಿ ಮುಂಗಡಕ್ಕ ಹತ್ತ ಟಗರ ಬೇಕಂದ್ರ ಅದು ಬ್ಯಾರೆ ಮಾತು" ಎಂದಳು ರಂಗವ್ವ. "ಕೇಳೂ ರೀತೀಲೆ ಕೇಳು."

ಬೀರೇಶ ಅಪ್ಪನ ಕಡೆ ನೋಡಿದ. ಅಪ್ಪ ಹೊಗೆ ಬಿಡುತ್ತ ಆಕಾಶ ನೋಡುತ್ತಿದ್ದ. ಬೀರೇಶ ನಿಧಾನವಾಗಿ ಹೊಸ್ತಿಲು ದಾಟಿ ಆಚೆ ಹೋಗಿ, ತಿರುಗಿ ನಿಂತು, ಕೈ ಎಲ್ಲಿ ಇಡಬೇಕೆಂದು ತಿಳಿಯದೆ ಜೇಬಿನಲ್ಲಿ ಇಟ್ಟ, ಮತ್ತೆ ತೆಗೆದ. ನಲವತ್ತು ವರ್ಷ 'ಯವ್ವಾ' ಎಂದ ಬಾಯಿ.

"ರಂಗವ್ವಾರ..." ಎಂದ. "ಹತ್ತ ಟಗರ ಮಾರ್ಲೇನ್ರಿ?"

"ಮೂರ ದಿನ ಬಿಟ್ಟ ಬಾ" ಎಂದು ರಂಗವ್ವ ಒಳಗೆ ಹೋದಳು.

ಹುಲ್ಲಪ್ಪ ಜಗಲಿಯ ಮೇಲೆ ಒಂದು ಗೇಣು ಸರಿದು ಮಗನಿಗೆ ಜಾಗ ಮಾಡಿದ.

"ಕುಂದ್ರೋ" ಎಂದ. "ಮೊದಲನೇ ಸಲ ಅಷ್ಟ ತ್ರಾಸ."